ನಮ್ಮ ಸಂಘದ ಪ್ಲೇಟ್ ಚಿಲ್ಲರ್ ಬಗ್ಗೆ ಎರಡು ಮಾತು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಮ್ಮ ಸಂಘ 2000ನೇ ಇಸವಿಯಲ್ಲಿ ನೋಂದಣಿಯಾದಾಗ ನಾವು ಎಸ್‌ಎಸ್‌ಎಲ್‌ಸಿ ಮುಗಿಸಿ ಅಪ್ಪನ ಜೊತೆ ಬೇಸಾಯಕ್ಕೆ ಇಳಿದಿದ್ದ ಹುಡುಗರು. ಇವತ್ತು ಇಲ್ಲಿ ನಿಂತು ಮಾತಾಡುವ ಭಾಗ್ಯ ಸಿಕ್ಕಿದೆ. ಇಪ್ಪತ್ತೈದು ವರ್ಷದ ಲೆಕ್ಕಪತ್ರ, ಬೋನಸ್ಸು, ಕಟ್ಟಡ ಇವುಗಳ ವಿಚಾರವನ್ನು ಅಧ್ಯಕ್ಷರು ಈಗಾಗಲೇ ವಿವರವಾಗಿ ಹೇಳಿದ್ದಾರೆ. ನಮಗೆ ಕೊಟ್ಟಿರುವ ವಿಷಯ ಹಾಲು ತಂಪು ಮಾಡುವ ಯಂತ್ರ. ಯಂತ್ರದ ಮಾತು ಅಂತ ಯಾರೂ ಎದ್ದು ಹೋಗಬೇಡಿ. ಇದರಲ್ಲಿ ನಮ್ಮೂರಿನ ಒಬ್ಬ ಹುಡುಗನ ಮಾನದ ಪ್ರಶ್ನೆ ಇದೆ.

ಮೊದಲಿನ ಕಾಲ ನಿಮಗೆ ನೆನಪಿರಬೇಕು. 40 ಲೀಟರಿನ ಕ್ಯಾನುಗಳನ್ನು ರಸ್ತೆ ಬದಿಗೆ ಇಟ್ಟು ಲಾರಿ ಕಾಯುವುದು. ಲಾರಿ ಕೆಟ್ಟು ನಿಂತರೆ ಆವತ್ತಿನ ಹಾಲು ಒಡೆದು ಹಿಂದಕ್ಕೆ ಬರುತ್ತಿತ್ತು. ಹಸುವಿನ ಕೆಚ್ಚಲಿಂದ ಬಂದ ಹಾಲು ನಮ್ಮ ಮೈ ಬಿಸಿಯಷ್ಟೇ ಬಿಸಿ ಇರುತ್ತದೆ. ಆ ಬಿಸಿಯಲ್ಲಿ ಹಾಲು ಕೆಡಿಸುವ ಸೂಕ್ಷ್ಮಜೀವಿಗಳು ಅರ್ಧ ಗಂಟೆಯೊಳಗೇ ಒಂದಕ್ಕೆರಡಾಗುತ್ತವೆ. 4 ಡಿಗ್ರಿಗೆ ಇಳಿಸಿದರೆ ಅವು ಹೆಚ್ಚುಕಡಿಮೆ ನಿದ್ದೆ ಹೋದ ಹಾಗೆ. ಆದುದರಿಂದ ಎಷ್ಟು ಬೇಗ ಇಳಿಸುತ್ತೇವೋ ಅಷ್ಟು ಒಳ್ಳೆಯದು. ದೊಡ್ಡ ಕೂಲರ್ ತೊಟ್ಟಿಗೆ ನೇರವಾಗಿ ಬಿಸಿ ಹಾಲು ಸುರಿದರೆ ಅದು ತಣ್ಣಗಾಗಲು ಎರಡು ಮೂರು ಗಂಟೆ ಬೇಕು. ಅದಕ್ಕೆಂದೇ ನಾವು 2016ರಲ್ಲಿ ಕೂಲರ್ ತೊಟ್ಟಿಗೆ ಮುಂಚೆ ಒಂದು ಪ್ಲೇಟ್ ಚಿಲ್ಲರ್ ಹಾಕಿಸಿದೆವು.

ಅದನ್ನು ಮೊದಲ ಸಲ ನೋಡಿದಾಗ ನಮ್ಮ ಅಧ್ಯಕ್ಷರೇ ಕೇಳಿದರು, ಇಷ್ಟೇನಾ ಅಂತ. ಎರಡು ದಪ್ಪ ಕಬ್ಬಿಣದ ಹಲಗೆ, ನಡುವೆ ತೆಳು ಸ್ಟೀಲ್ ತಗಡುಗಳ ಅಡಕು, ಉದ್ದನೆ ಬೋಲ್ಟು ಹಾಕಿ ಬಿಗಿದ ಒಂದು ಕಟ್ಟು. ದಪ್ಪ ಅರ್ಧ ಗೇಣು. ಲಕ್ಷಗಟ್ಟಲೆ ಕೊಟ್ಟು ತಂದದ್ದು ಇಷ್ಟೇನಾ ಅಂತ ಬೇಜಾರಾಗಿತ್ತು. ಆದರೆ ಅದರ ಒಳಗಿನ ಉಪಾಯ ತಿಳಿದ ಮೇಲೆ ಮಾಡಿದವನಿಗೆ ಕೈ ಮುಗಿಯಬೇಕು ಅನ್ನಿಸಿತು. ಈ ಥರದ್ದನ್ನು ಬಳಕೆಗೆ ತಂದವರು ರಿಚರ್ಡ್ ಸೆಲಿಗ್‌ಮನ್ ಎಂಬುವರು, ಇಂಗ್ಲೆಂಡಿನಲ್ಲಿ, 1923ರಲ್ಲಿ. ಅದೂ ಹಾಲಿಗಾಗಿಯೇ. ಬಿಚ್ಚಿ ಒಂದೊಂದು ತಗಡನ್ನೂ ತೊಳೆಯಬಹುದಾದ ಯಂತ್ರ ಹಾಲಿನವರಿಗೆ ಬೇಕಾಗಿತ್ತು. ಇವತ್ತು ಸಕ್ಕರೆ ಕಾರ್ಖಾನೆಯಿಂದ ಹಿಡಿದು ಹಡಗಿನವರೆಗೆ ಎಲ್ಲಾ ಕಡೆ ಇದೆ.

ಉಪಾಯ ಏನಪ್ಪಾ ಅಂದರೆ, ಬಿಸಿ ಕಾಫಿಯನ್ನು ಲೋಟದಲ್ಲೇ ಇಟ್ಟರೆ ಆರುವುದಿಲ್ಲ, ತಟ್ಟೆಗೆ ಸುರಿದರೆ ಥಟ್ಟನೆ ಆರುತ್ತದೆ. ತೆಳ್ಳಗೆ ಹರಡಿದರೆ ಬಿಸಿ ಬೇಗ ಬಿಡುತ್ತದೆ. ಇಲ್ಲಿ ಹಾಲನ್ನು ಎರಡೂವರೆ ಮಿಲಿಮೀಟರ್ ಸಂದಿಯಲ್ಲಿ ಹರಡುತ್ತಾರೆ. ಒಂದು ಸಂದಿಯಲ್ಲಿ ಹಾಲು, ಪಕ್ಕದ ಸಂದಿಯಲ್ಲಿ ಐಸ್ ನೀರು, ಅದರ ಪಕ್ಕ ಮತ್ತೆ ಹಾಲು, ಮತ್ತೆ ನೀರು. ನಡುವೆ ಇರುವ ತಗಡು ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ದಪ್ಪ, ಅಷ್ಟೇ. ನಮ್ಮದರಲ್ಲಿ ಮೊದಲು 21 ತಗಡು ಇದ್ದವು. 2018ರಲ್ಲಿ ಹಾಲು ಹೆಚ್ಚಾದಾಗ ಅದೇ ಚೌಕಟ್ಟಿಗೆ ಇನ್ನೂ 10 ಸೇರಿಸಿ 31 ಮಾಡಿದೆವು. ಬೇರೆ ಯಂತ್ರ ತರಬೇಕಾಗಲಿಲ್ಲ. ಅಡಕಿನ ದೊಡ್ಡ ಅನುಕೂಲ ಇದೇ. 31 ತಗಡಿಗೆ 30 ಸಂದಿ. 15 ಹಾಲಿಗೆ, 15 ನೀರಿಗೆ. ಎಲ್ಲಾ ತಗಡನ್ನು ಬಿಚ್ಚಿ ನೆಲಕ್ಕೆ ಹಾಸಿದರೆ ಒಂದು ಮನೆ ಬಾಗಿಲಿನಷ್ಟೂ ಅಗಲವಾಗುವುದಿಲ್ಲ. ಗಂಟೆಗೆ 1000 ಲೀಟರ್ ಹಾಲು ಇದರಲ್ಲಿ ಹೋಗುತ್ತದೆ. ಒಂದು ಹನಿ ಹಾಲು ಒಳಗೆ ಇರುವುದು ಏಳೆಂಟು ಸೆಕೆಂಡು ಮಾತ್ರ. ಹೋಗುವಾಗ 35 ಡಿಗ್ರಿ, ಬರುವಾಗ 4 ಡಿಗ್ರಿ.

ಇದೇನು ಸಣ್ಣ ಕೆಲಸ ಅಂದುಕೊಳ್ಳಬೇಡಿ. 1000 ಲೀಟರ್ ಹಾಲಿನಿಂದ ಆ ಬಿಸಿ ತೆಗೆಯಬೇಕಾದರೆ ಸುಮಾರು 370 ಕಿಲೋ ಮಂಜುಗಡ್ಡೆ ಕರಗಬೇಕು. ಅದಕ್ಕೇ ರಾತ್ರಿಯೆಲ್ಲಾ ಕಂಪ್ರೆಸರ್ ಓಡಿಸಿ ಐಸ್ ತೊಟ್ಟಿಯಲ್ಲಿ ಗಡ್ಡೆ ಕಟ್ಟಿಸುವುದು. ಕರೆಂಟ್ ಬಿಲ್ಲು ಯಾಕೆ ಅಷ್ಟು ಬರುತ್ತೆ ಅಂತ ಪ್ರತಿ ವಾರ್ಷಿಕ ಸಭೆಯಲ್ಲೂ ಕೇಳುವ ಸದಸ್ಯರಿಗೆ ಇದೇ ಉತ್ತರ.

ತಗಡು ಸಪಾಟಾಗಿಲ್ಲ, ಏಣು ಏಣಾಗಿದೆ. ತೆಂಗಿನ ಗರಿಯ ಹಾಗೆ ನಡುದಿಂಡಿನಿಂದ ಎರಡೂ ಕಡೆಗೆ ಓರೆಯಾಗಿ ಇಳಿದ ಏಣು. ಒಂದು ತಗಡಿನಲ್ಲಿ ಗರಿ ಮೇಲ್ಮುಖ, ಮುಂದಿನದರಲ್ಲಿ ಕೆಳಮುಖ. ಹೀಗೆ ಜೋಡಿಸಿದಾಗ ಒಂದರ ಏಣು ಇನ್ನೊಂದರ ಏಣಿಗೆ ಅಡ್ಡ ಬಿದ್ದು ನೂರಾರು ಕಡೆ ಚುಕ್ಕಿ ಚುಕ್ಕಿಯಾಗಿ ತಾಗುತ್ತದೆ. ಅದರಿಂದ ಎರಡು ಲಾಭ. ಒಂದು, ತೆಳು ತಗಡುಗಳು ಒಂದಕ್ಕೊಂದು ಊರುಗೋಲಾಗಿ ಪಂಪಿನ ಒತ್ತಡ ತಡೆಯುತ್ತವೆ. ಇನ್ನೊಂದು, ಹರಿಯುವ ಹಾಲು ನೆಟ್ಟಗೆ ಹೋಗಲಾರದೆ ಕಲ್ಲುಬಂಡೆ ನಡುವಿನ ಹಳ್ಳದ ನೀರಿನ ಹಾಗೆ ಸುಳಿ ಸುಳಿಯಾಗಿ ಕಲಕುತ್ತಾ ಹೋಗುತ್ತದೆ. ಕಾಲುವೆಯಲ್ಲಿ ನೋಡಿದ್ದೀರಿ, ನಡುವೆ ನೀರು ಓಡಿದರೂ ದಡದ ಪಕ್ಕ ಮಂದವಾಗಿ ನಿಂತ ಹಾಗಿರುತ್ತದೆ. ಹಾಗೆ ಮಂದವಾದ ಪದರ ತಗಡಿಗೆ ಅಂಟಿಕೊಂಡರೆ ಅದೇ ಕಂಬಳಿ ಹೊದಿಸಿದಂತೆ, ಬಿಸಿ ದಾಟುವುದಿಲ್ಲ. ಏಣು ಆ ಕಂಬಳಿಯನ್ನು ಕಿತ್ತು ಹಾಕುತ್ತದೆ.

ಹಾಲು ಮತ್ತು ನೀರು ಒಂದೇ ದಿಕ್ಕಿಗೆ ಹೋಗುವುದಿಲ್ಲ, ಎದುರು ಬದುರು ಹೋಗುತ್ತವೆ. ನಾವು ಮೊದಲು ಇದರಲ್ಲೇನು ವ್ಯತ್ಯಾಸ ಅಂದುಕೊಂಡಿದ್ದೆವು. ಲೆಕ್ಕ ಹಾಕಿ ನೋಡಿ. ಹಾಲಿನ ಮೂರರಷ್ಟು ನೀರು ಬಿಡುತ್ತೇವೆ, ನೀರು 1 ಡಿಗ್ರಿ. ಎರಡೂ ಒಂದೇ ದಿಕ್ಕಿಗೆ ಹೋದರೆ ಹಾಲು ಇಳಿಯುತ್ತಾ, ನೀರು ಏರುತ್ತಾ, ಕೊನೆಗೆ ಎರಡೂ 9 ಡಿಗ್ರಿ ಹತ್ತಿರ ಸೇರಿ ಅಲ್ಲಿಗೆ ನಿಂತುಬಿಡುತ್ತವೆ. ಇನ್ನೆಷ್ಟು ತಗಡು ಹಾಕಿದರೂ ಅದಕ್ಕಿಂತ ಕೆಳಗೆ ಹೋಗುವುದಿಲ್ಲ. ಎದುರು ದಿಕ್ಕಾದರೆ, ಹೊರಗೆ ಬರುವ ಹಾಲಿಗೆ ಆಗ ತಾನೆ ಒಳಗೆ ಬಂದ 1 ಡಿಗ್ರಿ ನೀರು ಸಿಗುತ್ತದೆ. ಹಾಲು 4ಕ್ಕೆ ಇಳಿಯುತ್ತದೆ, ನೀರು 11 ಆಗಿ ಹೊರಗೆ ಹೋಗುತ್ತದೆ. ನೀರು ಹಾಲಿಗಿಂತ ಬಿಸಿಯಾಗಿ ಹೊರಗೆ ಬರುತ್ತದಲ್ಲ, ನಮಗೆ ಇದನ್ನು ನಂಬಲಿಕ್ಕೇ ಒಂದು ವಾರ ಬೇಕಾಯಿತು.

ಜಿಲ್ಲಾ ಡೈರಿಗೆ ಪ್ರವಾಸ ಹೋದಾಗ ಇದೇ ಅಡಕನ್ನು ಆಳೆತ್ತರ ನೋಡಿದೆವು. ಅಲ್ಲಿ ಹಾಲನ್ನು 72 ಡಿಗ್ರಿಗೆ ಕಾಯಿಸಿ 15 ಸೆಕೆಂಡು ಹಿಡಿದು ಮತ್ತೆ ತಣಿಸುತ್ತಾರೆ. ಕಾದು ಬರುವ ಹಾಲಿನ ಬಿಸಿಯನ್ನೇ ತಣ್ಣಗೆ ಬರುವ ಹಸಿ ಹಾಲಿಗೆ ಕೊಡುತ್ತಾರೆ. 4 ಡಿಗ್ರಿ ಹಾಲು ಹೀಗೇ 65ರವರೆಗೆ ಏರಿಬಿಡುತ್ತದೆ. ಒಲೆ ಉರಿ ಬೇಕಾಗುವುದು ಉಳಿದ 7 ಡಿಗ್ರಿಗೆ ಮಾತ್ರ. ಅಲ್ಲಿನ ಮೇಲ್ವಿಚಾರಕರು ಒಂದು ಮಾತು ಹೇಳಿದರು: ಕಾಯಿಸಿದ ಹಾಲಿನ ಒತ್ತಡ ಯಾವಾಗಲೂ ಹಸಿ ಹಾಲಿನ ಒತ್ತಡಕ್ಕಿಂತ ಹೆಚ್ಚಿಗೆ ಇಟ್ಟಿರುತ್ತೇವೆ, ತಗಡು ತೂತಾದರೆ ಒಳ್ಳೆಯದು ಕೆಟ್ಟದ್ದಕ್ಕೆ ಸೇರಲಿ, ಕೆಟ್ಟದ್ದು ಒಳ್ಳೆಯದಕ್ಕೆ ಸೇರಬಾರದು ಅಂತ. ನಾವು ತಲೆ ಆಡಿಸಿ, ಟೀ ಕುಡಿದು, ಪೇಡ ತಿಂದು, ಬಸ್ಸು ಹತ್ತಿ ಬಂದೆವು. ಆ ಮಾತನ್ನು ಮರೆತೆವು.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಪ್ರತಿ ತಗಡಿನ ನಾಲ್ಕು ಮೂಲೆಗೆ ನಾಲ್ಕು ತೂತು. ಅಂಚಿನ ಸುತ್ತ ರಬ್ಬರ್ ಗ್ಯಾಸ್ಕೆಟ್. ಆ ಗ್ಯಾಸ್ಕೆಟ್ಟು ಎರಡು ತೂತನ್ನು ಒಳಕ್ಕೆ ಬಿಟ್ಟು, ಉಳಿದೆರಡರ ಸುತ್ತ ಬಳೆಯ ಹಾಗೆ ಮುಚ್ಚುತ್ತದೆ. ಮುಂದಿನ ತಗಡಿನಲ್ಲಿ ಅದಲು ಬದಲು. ಹಾಲು ತನ್ನ ಸಂದಿಗೆ, ನೀರು ತನ್ನ ಸಂದಿಗೆ ಹೋಗುವುದು ಈ ಏರ್ಪಾಡಿನಿಂದ. ಒಂದು ತಗಡು ತಲೆಕೆಳಗಾದರೂ ಎಲ್ಲಾ ಕೆಟ್ಟಿತು. ಅದಕ್ಕೇ ಬಿಗಿದ ಅಡಕಿನ ಪಕ್ಕಕ್ಕೆ ಪೇಂಟಿನಲ್ಲಿ ಓರೆಯಾಗಿ ಒಂದು ಗೆರೆ ಎಳೆದಿರುತ್ತಾರೆ. ಬಿಚ್ಚಿ ಜೋಡಿಸಿದ ಮೇಲೆ ಗೆರೆ ಒಡೆದಿದ್ದರೆ ತಪ್ಪು ಜೋಡಣೆ ಅಂತ ದೂರದಿಂದಲೇ ಗೊತ್ತಾಗುತ್ತದೆ.

ಮೂಲೆಯ ತೂತಿನ ಹತ್ತಿರ ಹಾಲಿಗೂ ನೀರಿಗೂ ನಡುವೆ ಒಂದಲ್ಲ, ಎರಡು ಸಾಲು ರಬ್ಬರ್ ಇದೆ. ಆ ಎರಡು ಸಾಲಿನ ನಡುವಿನ ಜಾಗ ಹೊರಗಾಳಿಗೆ ತೆರೆದಿರುತ್ತದೆ. ರಬ್ಬರ್ ಹಳೆಯದಾಗಿ ಸೋರಿದರೆ ಹನಿ ಹೊರಗಡೆ ನೆಲಕ್ಕೆ ಬೀಳುತ್ತದೆಯೇ ಹೊರತು ಹಾಲೂ ನೀರೂ ಬೆರೆಯುವುದಿಲ್ಲ. ಬಹಳ ಜಾಣತನದ ಕೆಲಸ. ನಮಗೆ ಯಂತ್ರ ಕೊಟ್ಟವರೂ ಇದನ್ನೇ ಹೇಳಿದ್ದರು: ಸೋರಿದರೆ ಹೊರಗೇ ಸೋರುತ್ತೆ, ನಿಮ್ಮ ಕಣ್ಣಿಗೇ ಕಾಣುತ್ತೆ. ನಾವು ಈ ಮಾತನ್ನು ವೇದವಾಕ್ಯ ಅಂತ ಹಿಡಿದುಕೊಂಡೆವು.

2019ರ ಮಾರ್ಚ್ ತಿಂಗಳಲ್ಲಿ ನಮ್ಮ ಟ್ಯಾಂಕರ್ ಹಾಲಿಗೆ ಡಿಗ್ರಿ ಬರಲಿಲ್ಲ ಅಂತ ದೂರು ಬಂತು. ಇಲ್ಲಿ ಮೇಜಿನ ಮೇಲೆ ನಿಮ್ಮ ನಿಮ್ಮ ಹಾಲು ಪರೀಕ್ಷೆ ಮಾಡುವಾಗ ಎಸ್‌ಎನ್‌ಎಫ್ ಸರಾಸರಿ 8.5 ಬರುತ್ತಿತ್ತು. ಟ್ಯಾಂಕರಿನಲ್ಲಿ 8.3. ಒಂದು ದಿನ ಅಲ್ಲ, ಪ್ರತಿದಿನ. ಹಾಲು ಒಳ್ಳೆಯದು ಬಂದು ನೀರಾಗಿ ಹೋಗುತ್ತಿದೆ ಅಂದಮೇಲೆ ನಡುವೆ ಯಾರೋ ನೀರು ಹಾಕುತ್ತಿದ್ದಾರೆ ಅಂತಲೇ ಅರ್ಥ. ನಡುವೆ ಇದ್ದದ್ದು ಯಾರು? ಪರೀಕ್ಷಕ ಹುಡುಗ. ಚಿಲ್ಲರ್ ಓಡಿಸುತ್ತಿದ್ದವನೂ ಅವನೇ, ಬೀಗದ ಕೈ ಇದ್ದದ್ದೂ ಅವನ ಹತ್ತಿರ. ಯಂತ್ರದ ಕೆಳಗೆ ನೋಡಿದೆವು, ನೆಲ ಒಣಗಿತ್ತು. ಸೋರಿದರೆ ಹೊರಗೇ ತಾನೆ ಸೋರಬೇಕು? ಯಂತ್ರ ನಿರಪರಾಧಿ ಅಂತ ಆಯಿತು, ಹುಡುಗ ಅಪರಾಧಿಯಾದ. ಅರಳಿಕಟ್ಟೆಯಲ್ಲಿ ಏನೇನು ಮಾತು ಹುಟ್ಟಿತು ಅಂತ ನಾವು ಹೇಳಬೇಕಾಗಿಲ್ಲ, ಹುಟ್ಟಿಸಿದವರಲ್ಲಿ ನಾವೂ ಇದ್ದೆವು. "ಅಣ್ಣಾ, ನಾನು ಮುಟ್ಟಿಲ್ಲ, ನನ್ನ ಮಕ್ಕಳಾಣೆ ಅನ್ನೋಕೆ ನನಗಿನ್ನೂ ಮದುವೇನೇ ಆಗಿಲ್ಲ" ಅಂದ. ಅಷ್ಟು ಜನರಲ್ಲಿ ಒಬ್ಬರಿಗೂ ನಗು ಬರಲಿಲ್ಲ. ಮಂಡಳಿ ಸಭೆ ಸೇರಿ ಅವನನ್ನು ಕೆಲಸದಿಂದ ನಿಲ್ಲಿಸಿದೆವು.

ನಿಲ್ಲಿಸಿದ ಮೇಲೂ ಡಿಗ್ರಿ ಬರಲಿಲ್ಲ. ಅಷ್ಟಕ್ಕಾದರೂ ನಮಗೆ ಬುದ್ಧಿ ಬರಬೇಕಿತ್ತು. ಅವನ ಕಡೆಯವರು ಯಾರೋ ಇನ್ನೂ ಒಳಗಿದ್ದಾರೆ ಅಂದುಕೊಂಡೆವು. ಅನುಮಾನ ಒಂದು ಸಲ ಒಳಗೆ ಬಂದರೆ ಹಾಗೆ.

ಇನ್ನೊಂದು ವಿಷಯ ಪುಸ್ತಕದಲ್ಲೇ ಬರೆದಿತ್ತು. ನೀವು ಹಾಕಿದ ಹಾಲು ದಿನಕ್ಕೆ ಸುಮಾರು 2100 ಲೀಟರ್. ಕೂಲರ್ ತೊಟ್ಟಿಯ ಅಳತೆ ಕಡ್ಡಿಯಲ್ಲಿ ಅದಕ್ಕಿಂತ 50 ಲೀಟರ್ ಆಸುಪಾಸು ಹೆಚ್ಚು. ಪೈಪು ತೊಳೆದ ನೀರು ಉಳಿದಿರಬೇಕು, ಕಡ್ಡಿಯ ಅಳತೆ ಹೆಚ್ಚು ಕಮ್ಮಿ ಇರಬೇಕು ಅಂತ ಬಿಟ್ಟೆವು. ಯೋಚನೆ ಮಾಡಿ ನೋಡಿ. ಕಳ್ಳನಾದವನು ಒಂದು ಬಿಂದಿಗೆ ಹಾಲು ತೆಗೆದು ಒಂದು ಬಿಂದಿಗೆ ನೀರು ಹಾಕುತ್ತಾನೆ, ಅಳತೆ ಸರಿಯಾಗೇ ಇರುತ್ತದೆ. ತನ್ನ ಲೆಕ್ಕಕ್ಕೆ ಸುಳ್ಳು ಹಾಲು ಬರೆದು ಅಷ್ಟು ನೀರು ಸುರಿದರೂ ಪುಸ್ತಕಕ್ಕೂ ತೊಟ್ಟಿಗೂ ತಾಳೆಯಾಗುತ್ತದೆ. ಪುಸ್ತಕಕ್ಕಿಂತ ತೊಟ್ಟಿಯಲ್ಲಿ ಹೆಚ್ಚಿದ್ದರೆ, ಯಾರಿಗೂ ಲಾಭವಿಲ್ಲದೆ ಸುಮ್ಮನೆ ನೀರು ಸುರಿದ ಹಾಗೆ. ಅಂಥ ಕಳ್ಳ ಎಲ್ಲಿಯೂ ಇಲ್ಲ. ಎಸ್‌ಎಸ್‌ಎಲ್‌ಸಿ ಲೆಕ್ಕವೂ ಬೇಡ, ನಾಲ್ಕನೇ ಕ್ಲಾಸಿನ ಲೆಕ್ಕ ಸಾಕಿತ್ತು.

ಸತ್ಯ ಹೊರಗೆ ಬಂದದ್ದು ಕಸ ಗುಡಿಸಿ ನೀರು ತುಂಬುವ ನಮ್ಮ ಅಮ್ಮನವರಿಂದ. ಕಂಪ್ರೆಸರಿಗೆ ಗ್ಯಾಸ್ ತುಂಬಲು ಮೆಕ್ಯಾನಿಕ್ ಬಂದಿದ್ದರು. ಐಸ್ ತೊಟ್ಟಿಗೆ ನೀರು ಸುರಿಯುತ್ತಿದ್ದ ಅಮ್ಮ, "ದಿನಾ ನಾಕು ಬಿಂದಿಗೆ ಕುಡೀತದೆ ಸಾರ್ ಈ ತೊಟ್ಟಿ" ಅಂದರು. ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟರು. ಐಸ್ ನೀರು ತೊಟ್ಟಿಯಿಂದ ತಗಡಿಗೆ ಹೋಗಿ ಮತ್ತೆ ತೊಟ್ಟಿಗೇ ಬರಬೇಕು, ಕಡಿಮೆ ಆಗುವಂತಿಲ್ಲ. ಬೇಸಿಗೆ ಅಲ್ಲವೇ, ಆವಿಯಾಗುತ್ತೆ ಅಂತ ನಾವು ಹೇಳಿದೆವು. "ಡೈರೆಕ್ಟರ್ ಸಾರ್, 1 ಡಿಗ್ರಿ ನೀರು ಆವಿ ಆಗೋದೆಲ್ಲಿ ಬಂತು? ಗಾಳಿ ತೇವವೇ ಅದರ ಮೇಲೆ ಇಳೀತದೆ" ಅಂದರು. ನಾಲ್ಕು ಬಿಂದಿಗೆ ಅಂದರೆ 50 ಲೀಟರ್. ಅಮ್ಮ ಇದೇ ಮಾತನ್ನು ಹದಿನೈದು ದಿನ ಮೊದಲು ನಮ್ಮ ಹತ್ತಿರವೂ ಹೇಳಿದ್ದರು. ನಾವು, ಸುರಿ ಹೋಗಮ್ಮ, ಅಂದಿದ್ದೆವು.

ಮೆಕ್ಯಾನಿಕ್ ಹಾಲಿನ ಪೈಪನ್ನು ಖಾಲಿ ಮಾಡಿ, ಅದರ ಬಾಯಿ ಬಿಚ್ಚಿಟ್ಟು, ನೀರಿನ ಪಂಪು ಮಾತ್ರ ಓಡಿಸಿದರು. ಹತ್ತು ನಿಮಿಷದೊಳಗೆ ಹಾಲಿನ ಪೈಪಿನಿಂದ ನೀರು ಧಾರೆ ಕಟ್ಟಿ ಬಂತು. ತಗಡು ಬಿಚ್ಚಿ ಒಂದೊಂದನ್ನೇ ಬಿಸಿಲಿಗೆ ಹಿಡಿದರು. ಹದಿನೇಳನೇ ತಗಡಿನಲ್ಲಿ, ಏಣು ಏಣಿಗೆ ತಾಗುವ ಜಾಗದಲ್ಲಿ, ರಾಗಿಕಾಳಿಗಿಂತ ಸಣ್ಣ ತೂತು. ಎರಡು ಸಾಲು ರಬ್ಬರಿನ ಜಾಣತನವೆಲ್ಲ ಗ್ಯಾಸ್ಕೆಟ್ ಸೋರಿದರೆ ಮಾತ್ರ. ತಗಡೇ ತೂತಾದರೆ ಸೋರಿಕೆ ಒಳಗೊಳಗೇ, ನೆಲಕ್ಕೆ ಒಂದು ಹನಿಯೂ ಬೀಳುವುದಿಲ್ಲ. ಹಾಲಿನ ಪಂಪಿಗಿಂತ ನೀರಿನ ಪಂಪು ಜೋರಾಗಿದ್ದರಿಂದ ನೀರು ಹಾಲಿಗೆ ನುಗ್ಗಿತು. ಜಿಲ್ಲಾ ಡೈರಿಯಲ್ಲಿ ಕೇಳಿ ಮರೆತ ಮಾತು ಇದೇ.

ತೂತು ಯಾಕಾಯಿತು? ಇದನ್ನು ಹೇಳುವಾಗ ನಮಗೆ ತಲೆ ತಗ್ಗುತ್ತದೆ. ಐಸ್ ತೊಟ್ಟಿಯಲ್ಲಿ ಪಾಚಿ ಕಟ್ಟುತ್ತಿದೆ ಅಂತ 2018ರ ಮಳೆಗಾಲದಿಂದ ಅದಕ್ಕೆ ವಾರಕ್ಕೊಂದು ಸಲ ಬ್ಲೀಚಿಂಗ್ ಪುಡಿ ಹಾಕಿಸುತ್ತಿದ್ದೆವು. ಹಾಕು ಅಂದವರು ನಾವು, ನಿರ್ದೇಶಕರು. ಬೇಡ ಅಣ್ಣಾ, ಡಬ್ಬಿ ಮೇಲೆ ಸ್ಟೀಲಿಗೆ ಆಗಲ್ಲ ಅಂತ ಬರೆದಿದೆ ಅಂತ ಹೇಳಿದವನು ಆ ಹುಡುಗ. ಸ್ಟೇನ್‌ಲೆಸ್ ಸ್ಟೀಲು ತುಕ್ಕು ಹಿಡಿಯುವುದಿಲ್ಲ ಎಂಬುದು ಅರ್ಧ ಸತ್ಯ. ಅದರ ಮೈಮೇಲೆ ಕಣ್ಣಿಗೆ ಕಾಣದ ಒಂದು ರಕ್ಷಣೆಯ ಪದರ ಇರುತ್ತದೆ. ಬ್ಲೀಚಿಂಗ್ ಪುಡಿಯ ಕ್ಲೋರಿನ್ನು, ಬೋರ್‌ವೆಲ್ ನೀರಿನ ಉಪ್ಪಿನ ಅಂಶ, ಇವು ಆ ಪದರವನ್ನು ಅಲ್ಲಲ್ಲಿ ಚುಚ್ಚಿ ಒಳಕ್ಕೆ ಕೊರೆಯುತ್ತವೆ. ಏಣು ತಾಗುವ ಚುಕ್ಕಿಗಳಲ್ಲಿ ಗಡಸು ನೀರಿನ ಗಾರು ಕೂತು ನೀರು ಓಡಾಡದೆ ನಿಂತರೆ ಅಲ್ಲಿ ಇನ್ನೂ ಬೇಗ. ಆ ತಗಡಿನಲ್ಲಿ ತೂತು ಒಂದೇ, ಆದರೆ ಗುಳಿಗಳು ಹತ್ತಾರು ಇದ್ದವು. ಅಕ್ಕಪಕ್ಕದ ಆರು ತಗಡಿನಲ್ಲೂ ಇದ್ದವು.

ಏಳೂ ತಗಡು ಬದಲಾಯಿಸಿದೆವು. ಮೊದಲಿನದು 304 ಎಂಬ ಜಾತಿಯ ಸ್ಟೀಲು, ಹೊಸದು 316. ಇದರಲ್ಲಿ ಮಾಲಿಬ್ಡಿನಮ್ ಎಂಬ ಲೋಹ ಸೇರಿದೆ, ಉಪ್ಪು ನೀರಿಗೆ ಸ್ವಲ್ಪ ಹೆಚ್ಚು ತಡೆಯುತ್ತದೆ. ಹಾಗಂತ ಬ್ಲೀಚಿಂಗ್ ಪುಡಿ ಸುರಿದರೆ ಅದೂ ಉಳಿಯುವುದಿಲ್ಲ. ಪಾಚಿಗೆ ಬೇಕಾದದ್ದು ಬೆಳಕು; ತೊಟ್ಟಿಗೆ ಒಂದು ಮುಚ್ಚಳ ಮಾಡಿಸಿದೆವು, ಪಾಚಿ ನಿಂತೇ ಹೋಯಿತು. ಮೊದಲೇ ಮಾಡಿಸಬಹುದಿತ್ತು. ತೊಟ್ಟಿಗೆ ಈಗ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು. ನೀರು ಒಳಗೆ ಬರುವ ಕಡೆ ವಾಲ್ವನ್ನು ಸ್ವಲ್ಪ ಹಿಡಿದು, ಹಾಲು ಹೊರಗೆ ಹೋಗುವ ಕಡೆ ಸ್ವಲ್ಪ ಹಿಡಿದು, ಎರಡಕ್ಕೂ ಒತ್ತಡದ ಮೀಟರ್ ಹಾಕಿಸಿದ್ದೇವೆ. ಹಾಲಿನ ಮುಳ್ಳು ಯಾವಾಗಲೂ ಮೇಲಿರಬೇಕು. ಇನ್ನೊಮ್ಮೆ ತೂತಾದರೆ ಹಾಲು ನೀರಿಗೆ ಹೋಗಿ ತೊಟ್ಟಿ ನೀರು ಬೆಳ್ಳಗಾಗುತ್ತದೆ, ಸಂಘಕ್ಕೆ ಎರಡು ಲೀಟರ್ ನಷ್ಟವಾಗುವಷ್ಟರಲ್ಲಿ ಗೊತ್ತಾಗುತ್ತದೆ. ತಿಂಗಳಿಗೊಮ್ಮೆ ಮೆಕ್ಯಾನಿಕ್ ಮಾಡಿದ ಪರೀಕ್ಷೆಯನ್ನು ನಾವೇ ಮಾಡುತ್ತೇವೆ. ಬೋಲ್ಟು ಬಿಗಿಯುವಾಗ ಕೈಗೆ ಬಂದಷ್ಟು ಬಿಗಿಯುವ ಹಾಗಿಲ್ಲ. ಎರಡು ಹಲಗೆಗಳ ನಡುವೆ ಎಷ್ಟು ಅಂತರ ಅಂತ ಯಂತ್ರದ ಮೇಲೇ ಬರೆದಿರುತ್ತದೆ, ಟೇಪು ಹಿಡಿದು ನಾಲ್ಕೂ ಕಡೆ ಅಳೆದು ಬಿಗಿಯಬೇಕು. ಹೆಚ್ಚು ಬಿಗಿದರೆ ಏಣು ನಜ್ಜಾಗುತ್ತದೆ.

ಆ ಹುಡುಗನನ್ನು ಹತ್ತೊಂಬತ್ತನೇ ದಿನ ಮತ್ತೆ ಕರೆದೆವು. ಬಂದ. ಎರಡು ತಿಂಗಳು ಕೆಲಸ ಮಾಡಿದ. ಟೆಂಪರೇಚರ್ ಪುಸ್ತಕವನ್ನು ಅಷ್ಟು ಚೊಕ್ಕಟವಾಗಿ ಯಾರೂ ಬರೆದಿಲ್ಲ. ಆಮೇಲೆ ಬಿಟ್ಟು ಹೋದ, ಈಗ ತಾಲ್ಲೂಕಿನಲ್ಲಿ ಬೇರೆ ಕೆಲಸದಲ್ಲಿದ್ದಾನೆ. ನಾವು ಯಾರೂ ಅವನಿಗೆ ತಪ್ಪಾಯಿತು ಅನ್ನಲಿಲ್ಲ. ನಡಾವಳಿ ಪುಸ್ತಕದಲ್ಲಿ ಅವನ ಹೆಸರು ಹಾಕಿ, ನೀರು ಬೆರೆಸಿದ ಅನುಮಾನದ ಮೇಲೆ ತಡೆಹಿಡಿಯಲಾಗಿದೆ ಅಂತ ಬರೆದದ್ದು ಹಾಗೇ ಉಳಿಯಿತು. ಯಂತ್ರ ರಿಪೇರಿ ಆಯಿತು ಅಂತ ಇನ್ನೊಂದು ಪುಟದಲ್ಲಿ ಬರೆದೆವು. ಎರಡಕ್ಕೂ ಸಂಬಂಧ ಇದೆ ಅಂತ ಎಲ್ಲಿಯೂ ಬರೆಯಲಿಲ್ಲ. ಈ ಸಂಚಿಕೆಗೆ ಹಳೆಯ ಪುಸ್ತಕ ತಿರುವುವಾಗ ಅದು ಕಣ್ಣಿಗೆ ಬಿತ್ತು. ಹೋದ ತಿಂಗಳ ಸಭೆಯಲ್ಲಿ ಮಂಡಳಿ ಸರ್ವಾನುಮತದಿಂದ ಆ ಠರಾವನ್ನು ರದ್ದು ಮಾಡಿದೆ. ಬ್ಲೀಚಿಂಗ್ ಪುಡಿ ಹಾಕಿಸಿದವರು ನಿರ್ದೇಶಕರು ಎಂದು ಬರೆದಿದೆ. ನಾವೂ ಸಹಿ ಹಾಕಿದ್ದೇವೆ. ತಡೆಹಿಡಿದ ಹತ್ತೊಂಬತ್ತು ದಿನದ ಸಂಬಳವನ್ನೂ ಕೊಡಲು ತೀರ್ಮಾನವಾಗಿದೆ. ಅವನು ಇವತ್ತು ಬಂದಿದ್ದಾನೆ, ಹಿಂದುಗಡೆ ಕಂಬದ ಹತ್ತಿರ ಅವರ ತಾಯಿ ಪಕ್ಕ ನಿಂತಿದ್ದಾನೆ. ತಪ್ಪಾಯಿತಪ್ಪ.

ಆ ಹದಿನೇಳನೇ ತಗಡನ್ನು ಗುಜರಿಗೆ ಹಾಕದೆ ಇಟ್ಟುಕೊಂಡಿದ್ದೇವೆ. ಬಾಗಿಲ ಹತ್ತಿರ ಮೇಜಿನ ಮೇಲಿದೆ. ಊಟಕ್ಕೆ ಹೋಗುವಾಗ ಎತ್ತಿ ಬಿಸಿಲಿಗೆ ಹಿಡಿದು ನೋಡಿ. ತೂತು ಬೇಗ ಕಾಣುವುದಿಲ್ಲ, ಕೆಳಗಿನಿಂದ ನಾಲ್ಕನೇ ಏಣಿನ ಬಲಗಡೆ ಹುಡುಕಬೇಕು.